ಬ್ರೇಕ್ ಯಾವಾಗ ಒತ್ತಲಿ?

"ಬ್ರೇಕ್ ಯಾವಾಗ ಒತ್ತಲಿ?" ಎಂದು ಕೇಳಿದೆ.

"ನಿನ್ನೆ" ಎಂದರು ಮುದುಕರು.

ಬುಧವಾರದಿಂದ ಈ ಮಾತು ತಲೆಯೊಳಗೆ ಕೂತುಬಿಟ್ಟಿದೆ. ಆಗಸ್ಟ್ ತಿಂಗಳ ಮೂರನೇ ಶನಿವಾರ ಅಮೆರಿಕದ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ಜಾತ್ರೆ. ತೇರಿಗೆ ವಾರ ಮೊದಲೇ ಊರಲ್ಲಿ ಸಡಗರ ಶುರುವಾಗುವ ಹಾಗೆ, ಇಲ್ಲಿಯೂ ಸಂಜೆಯಾದರೆ ರಸ್ತೆ ಗುಡುಗುತ್ತದೆ. ಪಕ್ಕದ ಮನೆಯ ಮುದುಕರು ತಮ್ಮ 1966ರ ಪಾಂಟಿಯಾಕ್ ಜಿಟಿಒ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು. ಒಂದು ಲೋಟ ಕಾಫಿ ಕೊಡಲೂ ಲೆಕ್ಕ ಹಾಕುವ ಮನುಷ್ಯ! ಮಗನಿಗೂ ಕೊಟ್ಟವರಲ್ಲ. ಆ ಮಗನೂ ಕೇಳಿದವನಲ್ಲ, ಅವನ ಕಣ್ಣಿರುವುದು ಮಾರಿದರೆ ಎಷ್ಟು ಬಂದೀತು ಎಂಬುದರ ಮೇಲೆ.

ಮುಂದಿನ ಗಾಡಿ ಹತ್ತಿರವಾದರೆ ಕೂಗಿಕೊಳ್ಳುವ, ಚಾಲಕ ಮೈಮರೆತರೆ ತಾನೇ ಬ್ರೇಕ್ ಹಾಕುವ ಸಾಫ್ಟ್‌ವೇರನ್ನು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಅಂಥವನು ಹೋಗಿ ಕೂತದ್ದು ನಾಲ್ಕೂ ಚಕ್ರಕ್ಕೆ ಹಳೆಯ ಬಗೆಯ ಡ್ರಮ್ ಬ್ರೇಕ್ ಇರುವ, ಸೊಂಟಕ್ಕೊಂದು ಪಟ್ಟಿ ಬಿಟ್ಟರೆ ಎದೆಗೆ ಏನೂ ಇಲ್ಲದ ಗಾಡಿಯಲ್ಲಿ. 389 ಘನ ಇಂಚಿನ, ಅಂದರೆ 6.4 ಲೀಟರಿನ ವಿ8 ಎಂಜಿನ್. ಅದರ ಮೇಲೆ ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವ ಮೂರು ಕಾರ್ಬ್ಯುರೇಟರ್. ಮೆಲ್ಲಗೆ ಹೋಗುವಾಗ ನಡುವಿನದೊಂದೇ ಉಸಿರಾಡುತ್ತದೆ; ಪೆಡಲನ್ನು ಪೂರ್ತಿ ತುಳಿದರೆ ಉಳಿದೆರಡೂ ಬಾಯಿ ತೆರೆಯುತ್ತವೆ, ಬೆನ್ನು ಸೀಟಿಗೆ ಅಂಟುತ್ತದೆ. ಹೊಗಳುವವರೆಲ್ಲ ಇಲ್ಲಿಗೇ ನಿಲ್ಲುತ್ತಾರೆ. ನಿಜ ಹೇಳಬೇಕೆಂದರೆ, ಇವತ್ತಿನ ಎಷ್ಟೋ ವಿದ್ಯುತ್ ಕಾರುಗಳು ಸದ್ದಿಲ್ಲದೆ ಇದನ್ನು ಸಿಗ್ನಲ್‌ನಲ್ಲೇ ಹಿಂದಕ್ಕೆ ಹಾಕುತ್ತವೆ.

ಅಸಲಿ ವಿಷಯ ನಿಲ್ಲಿಸುವುದರಲ್ಲಿದೆ. ಥರ್ಟೀನ್ ಮೈಲ್ ರಸ್ತೆಯ ಸಿಗ್ನಲ್ ಹಳದಿಗೆ ತಿರುಗಿತು, ಮುಂದಿದ್ದ ಗಾಡಿಯ ಕೆಂಪು ದೀಪ ಹೊತ್ತಿತು. ನನ್ನ ಕಾರಿನಲ್ಲಾದರೆ ಆಗ ಒತ್ತಿದರೆ ಸಾಕಿತ್ತು. ಇಲ್ಲಿ ಒತ್ತಿದೆ, ಕಾರು ಕೇಳಿಸಿಕೊಂಡಿತು, ಯೋಚಿಸಿತು, ಒಂದಿಷ್ಟು ಎಡಕ್ಕೆ ಎಳೆಯಿತು. ತೊಡೆ ನಡುಗುವಷ್ಟು ತುಳಿದೆ. ಮುಂದಿನ ಗಾಡಿಯ ನಂಬರ್ ಪ್ಲೇಟಿನ ತಿರುಪುಗಳನ್ನು ಎಣಿಸುವಷ್ಟು ಹತ್ತಿರ ಹೋಗಿ ನಿಂತಿತು. ಮುದುಕರು ಮೊಣಕಾಲ ಮೇಲಿಟ್ಟ ಕೈಯನ್ನು ಕದಲಿಸಲೂ ಇಲ್ಲ.

"ನಿನ್ನೆ ಎಂದಿದ್ದೆನಲ್ಲ."

ಆ ಕ್ಷಣ ನೆನಪಾದವರು ಅಪ್ಪ. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿ ಇಳಿಯುವಾಗ ನಮ್ಮ ಅಂಬಾಸಿಡರ್ ಕಾರಿನ ಸ್ಟೀರಿಂಗ್ ಪಕ್ಕದ ಗೇರನ್ನು ತಿರುವು ಕಾಣುವ ಮೊದಲೇ ಎರಡಕ್ಕೆ ಇಳಿಸಿ, ಎಂಜಿನ್ನಿನ ಬಲದಲ್ಲೇ ಗಾಡಿಯನ್ನು ಹಿಡಿದುಕೊಳ್ಳುತ್ತಿದ್ದರು. ಲಾರಿಗಳೂ ನಮ್ಮನ್ನು ದಾಟಿಹೋಗುತ್ತಿದ್ದವು. ನನಗೆ ನಾಚಿಕೆ. ಪುಕ್ಕಲು ಎಂದೇ ತಿಳಿದಿದ್ದೆ. ಆರು ಗಂಟೆಯ ರೈಲಿಗೆ ನಾಲ್ಕಕ್ಕೇ ನಿಲ್ದಾಣದಲ್ಲಿರುತ್ತಿದ್ದರು, ಮಳೆಗಾಲಕ್ಕೆ ಯುಗಾದಿಯಲ್ಲೇ ಹೆಂಚು ಸರಿಪಡಿಸುತ್ತಿದ್ದರು, ನನ್ನ ಕಾಲೇಜು ಶುಲ್ಕವನ್ನು ನಾನು ಹೈಸ್ಕೂಲಿನಲ್ಲಿದ್ದಾಗಲೇ ಕೂಡಿಡತೊಡಗಿದ್ದರು. ಎಲ್ಲದಕ್ಕೂ ಬ್ರೇಕನ್ನು ನಿನ್ನೆಯೇ ಒತ್ತಿದ ಮನುಷ್ಯ.

ಹೊಸ ಕಾರನ್ನು ನಾನು ಬಿಡುವವನಲ್ಲ. ಮಳೆಯಲ್ಲಿ, ಮಗಳು ಹಿಂದೆ ಕೂತಿರುವಾಗ, ಆ ಜಿಟಿಒ ಮುಟ್ಟಲಾರೆ. ಆದರೂ ಗುರುವಾರ ಕಚೇರಿಗೆ ಹೋಗುವಾಗ ಎಚ್ಚರಿಕೆಯ ಸದ್ದು ಒಮ್ಮೆಯೂ ಬರಲಿಲ್ಲ. ಮುಂದಿನ ಗಾಡಿಗೂ ನನಗೂ ನಡುವೆ ಎರಡು ಲಾರಿ ಹಿಡಿಸುವಷ್ಟು ಜಾಗ. ಹಿಂದಿನವನು ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಿದ್ದ, ನಾನು ಆಗ ಅಪ್ಪನಿಗೆ ಮುಖ ಗಂಟಿಕ್ಕುತ್ತಿದ್ದ ಹಾಗೆಯೇ.