ದೇವರ ಮುಂದೆ ದೂರು

ತಂಗಿ ತೀರಿಕೊಂಡಾಗ ನನ್ನನ್ನು ಹೆಚ್ಚು ನೋಯಿಸಿದ್ದು ಸಮಾಧಾನದ ಮಾತುಗಳು. "ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ತಾನೆ" ಅಂದರು ಹಿರಿಯರೊಬ್ಬರು. ಅವಳ ಎರಡು ಪುಟ್ಟ ಮಕ್ಕಳಿಗಿಂತ ಹೆಚ್ಚಾಗಿ ಅವನಿಗೆ ಬೇಕಿದ್ದಳಾ ಅವಳು ಎಂದು ಕೇಳಿದೆ. "ಹಾಗೆಲ್ಲ ಅನ್ನಬಾರದಮ್ಮಾ" ಎಂದು ಬಾಯಿ ಮುಚ್ಚಿಸಿದರು. ಅವತ್ತಿನಿಂದ ನನಗೆ ಪ್ರಾರ್ಥನೆಯೇ ಬರಲಿಲ್ಲ.

ನಾನು ಯೆಹೂದಿಯಲ್ಲ. ಆದರೂ ನನ್ನ ಸಿಟ್ಟಿಗೆ ಜಾಗ ಸಿಕ್ಕಿದ್ದು ಯೆಹೂದಿಗಳ ಗ್ರಂಥಗಳಲ್ಲಿ.

ಅವರ ಪವಿತ್ರ ಗ್ರಂಥದಲ್ಲಿ ಯೋಬನ ಕಥೆಯಿದೆ; ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಒಳ್ಳೆಯ ಮನುಷ್ಯ ಅವನು. ಯೋಬನೆಂದರೆ ತಾಳ್ಮೆ ಎಂದಷ್ಟೇ ಕೇಳಿದ್ದೆ. ಓದಿದರೆ, ಮೂರನೇ ಅಧ್ಯಾಯದಿಂದಲೇ ಅವನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ನನ್ನ ತಪ್ಪೇನು ಹೇಳು ಎಂದು ದೇವರನ್ನು ಪಟ್ಟು ಹಿಡಿದು ಕೇಳುತ್ತಾನೆ. ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಆಮೇಲೆ ಬಾಯಿ ತೆರೆದು ದೇವರ ಪರ ವಾದಿಸಿದರು. ಕೊನೆಗೆ ದೇವರ ಕೋಪ ತಿರುಗಿದ್ದು ಅವರ ಮೇಲೆ: ನನ್ನ ಬಗ್ಗೆ ಯೋಬ ಸರಿಯಾದದ್ದನ್ನು ಆಡಿದ, ನೀವು ಆಡಲಿಲ್ಲ. ಆ ವಾಕ್ಯ ಓದಿ ಗಟ್ಟಿಯಾಗಿ ಅತ್ತೆ. ಸಾವಿನ ಮನೆಗೆ ಹೋದವರು, ದುಃಖದಲ್ಲಿರುವವರು ಮಾತಾಡುವ ತನಕ ಸುಮ್ಮನಿರಬೇಕೆಂಬ ಯೆಹೂದಿ ನಿಯಮಕ್ಕೂ ಯೋಬನ ಕಥೆಯೇ ಆಧಾರ. ನೋವಿನ ಹೊತ್ತಿನಲ್ಲಿ ಆಡಿದ ಮಾತಿಗೆ ಯಾರನ್ನೂ ಹೊಣೆ ಮಾಡಬಾರದು ಎಂದು ಯೆಹೂದಿಗಳ ಧರ್ಮಚರ್ಚೆಯ ಗ್ರಂಥವಾದ ತಲ್ಮೂದ್‌ನಲ್ಲಿ ರಾವಾ ಎಂಬ ಪಂಡಿತ ಹೇಳಿದ್ದೂ ಯೋಬನ ವಿಷಯದಲ್ಲೇ.

ನನ್ನನ್ನು ಇವತ್ತಿಗೂ ಬಿಡದವರು ಪೋಲೆಂಡಿನ ಯೆಹೂದಿ ಧರ್ಮಗುರು, ರಬ್ಬಿ ಕಲೋನಿಮಸ್ ಕಲ್ಮನ್ ಶಪೀರಾ. 1939ರ ಸೆಪ್ಟೆಂಬರಿನಲ್ಲಿ ವಾರ್ಸಾ ಮೇಲೆ ಬಿದ್ದ ಜರ್ಮನ್ ಬಾಂಬುಗಳಿಗೆ ಒಬ್ಬನೇ ಮಗನನ್ನೂ ಸೊಸೆಯನ್ನೂ ಕಳೆದುಕೊಂಡವರು. ಕೆಲವೇ ವಾರಗಳಲ್ಲಿ, ಧರ್ಮಗ್ರಂಥದಲ್ಲಿ ಯೆಹೂದಿಗಳ ಮೂಲಪುರುಷ ಅಬ್ರಹಾಮನ ಹೆಂಡತಿ ಸಾರಳ ಸಾವು ಬರುವ ಭಾಗವನ್ನು ಹಿಡಿದು ಉಪದೇಶ ಮಾಡಿದರು. ದೇವರ ಅಪ್ಪಣೆಯಂತೆ ಅಬ್ರಹಾಮ ಮಗ ಇಸಾಕನನ್ನು ಬಲಿಗೆ ಒಯ್ದ ಸುದ್ದಿ ಕೇಳಿ ಸಾರಳ ಪ್ರಾಣ ಹೋಯಿತು ಎಂಬುದು ಹಳೆಯ ವ್ಯಾಖ್ಯಾನ. ಶಪೀರಾ ಅದರಲ್ಲಿ ಸಾರಳ ಪ್ರತಿಭಟನೆಯನ್ನು ಕಂಡರು: ಮನುಷ್ಯರು ಇಷ್ಟು ತಾಳಲಾರರು ಎಂದು ದೇವರಿಗೆ ತೋರಿಸಲು ಅವಳು ಪ್ರಾಣವನ್ನೇ ಕೊಟ್ಟಳಂತೆ. ಇಸಾಕನ ಬಲಿಯ ಕಥೆಗೆ ತಾಗಿಯೇ ಅವಳ ಸಾವು ಬರುವುದು ಅದಕ್ಕೇ ಎಂದರು. ಮಗನನ್ನು ಮಣ್ಣು ಮಾಡಿ ಬಂದ ತಂದೆ, ಯೆಹೂದಿಗಳ ವಾರದ ಪವಿತ್ರ ದಿನವಾದ ಸಬ್ಬತ್‌ನಂದು, ಧರ್ಮಗ್ರಂಥವನ್ನೇ ಹಿಡಿದು ದೇವರಿಗೆ 'ಸಾಕು' ಅನ್ನುತ್ತಿದ್ದಾರೆ!

1942ರವರೆಗೂ ಅವರು ಉಪದೇಶ ನಿಲ್ಲಿಸಲಿಲ್ಲ. 1943ರ ನವೆಂಬರಿನಲ್ಲಿ ನಾಜಿಗಳು ಅವರನ್ನು ಕೊಂದರು. ಹೂತಿಟ್ಟಿದ್ದ ಆ ಉಪದೇಶಗಳ ಹಸ್ತಪ್ರತಿಗಳು ಯುದ್ಧ ಮುಗಿದ ಮೇಲೆ ಸಿಕ್ಕವು. ನಾಜಿಗಳು ಯೆಹೂದಿಗಳ ಮೇಲೆ ನಡೆಸಿದ ಆ ನರಮೇಧದ ನಂತರ ನಂಬಿಕೆಯನ್ನೇ ಬಿಟ್ಟ ಯೆಹೂದಿಗಳೂ ಇದ್ದಾರೆ, ಅವರಿಗೆ ಬುದ್ಧಿ ಹೇಳುವ ಅರ್ಹತೆ ಯಾರಿಗೂ ಇಲ್ಲ. ನನಗೆ ಮಾತ್ರ ಬಿಡಲು ಆಗಲಿಲ್ಲ. ಬಿಟ್ಟರೆ ಜಗಳ ಆಡುವುದು ಯಾರ ಜೊತೆ?

ಈಗ ಮತ್ತೆ ಪ್ರಾರ್ಥನೆಗೆ ಕೂರುತ್ತೇನೆ. ಮೊದಲು ದೂರು, ಆಮೇಲೆ ಮಕ್ಕಳಿಬ್ಬರ ಹೆಸರು. ತಂಗಿಯ ಸಾವನ್ನು ನಾನು ಒಪ್ಪಿಲ್ಲ, ಅದನ್ನು ದಿನಾ ಅವನಿಗೇ ಹೇಳುತ್ತೇನೆ.