ಅಮ್ಮನ ಟಿವಿಲಿ ಚಕ್ರ ತಿರುಗೋದು ನಿಂತಿದ್ದು

ಮೈಸೂರಲ್ಲಿ ನಮ್ಮನೇಲಿ ಒಂದು ಹಳೇ ಆಫೀಸ್ ಡೆಸ್ಕ್‌ಟಾಪ್ ಇದೆ, ಇಂಟೆಲ್ 6ನೇ ಜನರೇಷನ್ ಐ5, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಅದರಲ್ಲಿ ಜೆಲ್ಲಿಫಿನ್ (ನಮ್ಮ ವಿಡಿಯೋಗಳನ್ನ ನೆಟ್ ಮೂಲಕ ಬೇರೆಯವರ ಟಿವಿ, ಫೋನಿಗೆ ಕಳಿಸೋ ಸರ್ವರ್ ಸಾಫ್ಟ್‌ವೇರ್) ಹಾಕಿ ಮನೆಯವರ ವಿಡಿಯೋ ಎಲ್ಲಾ ಇಟ್ಟಿದೀನಿ: 2004ರ ಅಕ್ಕನ ಮದುವೆ ಡಿವಿಡಿಗಳು, ಮಕ್ಕಳ ನಾಮಕರಣ, ಅಜ್ಜನ ಸಹಸ್ರಚಂದ್ರ ದರ್ಶನ. ಸಾಗರದಲ್ಲಿ ಅಮ್ಮ, ಬೆಂಗಳೂರಲ್ಲಿ ಚಿಕ್ಕಪ್ಪನ ಮಗ, ಮ್ಯೂನಿಕ್‌ನಲ್ಲಿ ತಂಗಿ, ಎಲ್ಲರೂ ಟೇಲ್‌ಸ್ಕೇಲ್ ಅನ್ನೋ ಖಾಸಗಿ ನೆಟ್‌ವರ್ಕ್ (ವಿಪಿಎನ್) ಮೂಲಕ ಇದಕ್ಕೇ ಬಂದು ನೋಡ್ತಾರೆ. ಅಜ್ಜ ಹೋದ ಮೇಲೆ ಅಮ್ಮ ಆ ಸಹಸ್ರಚಂದ್ರದ ವಿಡಿಯೋನೇ ಹಾಕ್ಕೊಂಡು ಕೂರ್ತಾರೆ ಅಂತ ನಂಗೆ ಗೊತ್ತಿತ್ತು, ಅದು ಸರಿಯಾಗಿ ಓಡ್ತಾ ಇಲ್ಲ ಅಂತ ಗೊತ್ತಿರ್ಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದಿನ ಫೋನಲ್ಲಿ ಹೇಳಿದ್ರು. "ನೀ ಕೆಲಸದಲ್ಲಿರ್ತೀಯ ಅಂತ ಹೇಳಿರ್ಲಿಲ್ಲ ಮಗ, ಆ ಚಕ್ರ ತಿರುಗ್ತಾನೇ ಇರತ್ತೆ, ಅಪ್ಪಯ್ಯನ ಮುಖ ಕಾಣೋಷ್ಟೊತ್ತಿಗೆ ನಿಂತೇ ಹೋಗತ್ತೆ." ಎಷ್ಟು ದಿನದಿಂದ ಅಂತ ಕೇಳಿದ್ರೆ ಮೊದಲಿಂದ್ಲೂ ಹಾಗೇ ಅಂದ್ರು. ಅವತ್ತು ರಾತ್ರಿನೇ ಕೂತೆ.

ಮೊದಲು ಬಂದ ಯೋಚನೆ ಹೊಸ ಮಶೀನ್ ತಗೊಳೋದು, ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ ತಗೊಂಡ್ರೆ ಆಯ್ತು ಅಂತ ಕಾರ್ಟಿಗೂ ಹಾಕಿದ್ದೆ. ಆದ್ರೆ ಅದಕ್ಕೆ ಮುಂಚೆ ಅಮ್ಮಂಗೆ ವಿಡಿಯೋ ಹಾಕೋಕೆ ಹೇಳಿ ಈ ಕಡೆ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆಗೆದು ನೋಡಿದೆ. ಅಲ್ಲಿ ಪ್ರತಿಯೊಬ್ಬರ ಹೆಸರಿನ ಹತ್ರ ಡೈರೆಕ್ಟ್ ಪ್ಲೇ (ಫೈಲು ಇದ್ದ ಹಾಗೇ ಹೋಗೋದು) ಆಗ್ತಾ ಇದೆಯೋ ಟ್ರಾನ್ಸ್‌ಕೋಡ್ (ಸರ್ವರ್ ಅದನ್ನ ಆಗಲೇ ಬೇರೆ ರೂಪಕ್ಕೆ ಬದಲಾಯಿಸಿ ಕಳಿಸೋದು) ಆಗ್ತಾ ಇದೆಯೋ ಕಾಣತ್ತೆ, ಟ್ರಾನ್ಸ್‌ಕೋಡ್ ಆದ್ರೆ ಯಾಕೆ ಅನ್ನೋ ಕಾರಣನೂ ಬರತ್ತೆ. ಶೇರ್ ಮಾಡಿರೋ ಸರ್ವರ್ ಇಟ್ಕೊಂಡಿರೋರು ದಯವಿಟ್ಟು ಮೊದಲು ಅದನ್ನ ಓದಿ, ಆಮೇಲೆ ದುಡ್ಡು ಖರ್ಚು ಮಾಡಿ.

ನಮ್ಮನೇಲಿ ಮೂರು ಜನಕ್ಕೆ ಮೂರು ಬೇರೆ ಕಾರಣ ಇತ್ತು.

ಅಮ್ಮನದ್ದು ಫೈಲಿನ ಸಮಸ್ಯೆ. ಸಹಸ್ರಚಂದ್ರ ತಂಗಿ ತನ್ನ ಫೋನಲ್ಲಿ 4ಕೆ, ಸೆಕೆಂಡಿಗೆ 60 ಫ್ರೇಮ್, ಎಚ್‌ಡಿಆರ್ (ಬೆಳಕು, ಬಣ್ಣ ಜಾಸ್ತಿ ಹಿಡಿಯೋ ಆಯ್ಕೆ) ಆನ್ ಇಟ್ಟು ತೆಗೆದಿದ್ಲು. ಒಂದು ನಿಮಿಷಕ್ಕೆ ಸುಮಾರು 400 ಎಂಬಿ, ಅಂದ್ರೆ ಸೆಕೆಂಡಿಗೆ 53 ಮೆಗಾಬಿಟ್. ಸಾಗರದ ಮನೆ ಲೈನು ಮಳೆ ಹಿಡಿದ್ರೆ 15ಕ್ಕೆ ಇಳಿಯತ್ತೆ, ಹಾಗಾಗಿ ಹಾಗೇ ಕಳ್ಸೋಕೆ ಆಗಲ್ಲ, ಸರ್ವರ್ ಅದನ್ನ ಆಗಿಂದಾಗ್ಲೇ ಚಿಕ್ಕದು ಮಾಡ್ಬೇಕು. ಇಂಟೆಲ್ ಚಿಪ್ಪಲ್ಲಿ ವಿಡಿಯೋ ಕೆಲಸಕ್ಕೇ ಅಂತ ಕ್ವಿಕ್ ಸಿಂಕ್ ಅನ್ನೋ ಭಾಗ ಇದೆ, ಜೆಲ್ಲಿಫಿನ್ ಅದನ್ನ ಬಳಸೋಕೆ ಒಂದು ಪೈಸಾನೂ ಕೇಳಲ್ಲ (2018ರಲ್ಲಿ ಎಂಬಿ (Emby) ಅನ್ನೋ ಸರ್ವರ್ ಸಾಫ್ಟ್‌ವೇರಿಂದ ಕವಲೊಡೆದಾಗಿಂದ ಇದು ಪೂರ್ತಿ ಫ್ರೀ, ಆ ಕೆಲಸ ಮಾಡ್ತಿರೋರಿಗೆ ನಾನು ನಿಜವಾಗ್ಲೂ ಋಣಿ). ನಾನೂ ಅದನ್ನ ಆನ್ ಮಾಡಿದ್ದೆ. ಆದ್ರೆ 6ನೇ ಜನರೇಷನ್ ಚಿಪ್ಪು ಎಚ್‌ಇವಿಸಿ (ಫೋನು ವಿಡಿಯೋ ಕುಗ್ಗಿಸಿಡೋ ರೀತಿ) 8 ಬಿಟ್ ಬಣ್ಣದ್ದು ಮಾತ್ರ ಸಲೀಸಾಗಿ ಬಿಚ್ಚತ್ತೆ, 10 ಬಿಟ್ ಪೂರ್ತಿಯಾಗಿ ಹಾರ್ಡ್‌ವೇರಲ್ಲೇ ಆಗೋದು 7ನೇ ಜನರೇಷನ್ನಿಂದ. ಎಚ್‌ಡಿಆರ್ ವಿಡಿಯೋ 10 ಬಿಟ್. ಹಾಗಾಗಿ ಇಡೀ ಹೊರೆ ಸಿಪಿಯು ಮೇಲೆ ಬಿತ್ತು, ಮೇಲಿಂದ ಎಚ್‌ಡಿಆರ್ ಬಣ್ಣಾನ ಮಾಮೂಲಿ ಟಿವಿಗೆ ಹೊಂದಿಸೋ ಟೋನ್ ಮ್ಯಾಪಿಂಗ್ ಬೇರೆ, ಲಾಗ್ ನೋಡಿದ್ರೆ ಸೆಕೆಂಡಿಗೆ 60 ಫ್ರೇಮ್ ಬೇಕಾದ ಕಡೆ 14 ಫ್ರೇಮ್ ತಯಾರಾಗ್ತಾ ಇತ್ತು. ಚಕ್ರ ತಿರುಗದೇ ಇನ್ನೇನಾಗತ್ತೆ.

ಚಿಕ್ಕಪ್ಪನ ಮಗಂದು ಬರೀ ಸೆಟ್ಟಿಂಗು. ಯಾವಾಗ್ಲೋ ಡೇಟಾ ಉಳಿಸೋಕೆ ಅಂತ ಟಿವಿ ಆಪಲ್ಲಿ ಕ್ವಾಲಿಟಿ 720ಕ್ಕೆ ಇಳಿಸಿದ್ದ, ಮರೆತುಬಿಟ್ಟಿದ್ದ, ಅವನು ಏನ್ ಹಾಕಿದ್ರೂ ಟ್ರಾನ್ಸ್‌ಕೋಡ್. ಮನೇಲಿ ಫೈಬರ್ ಬಂದು ಎರಡು ವರ್ಷ ಆಗಿತ್ತು. ಒಂದು ನಿಮಿಷದಲ್ಲಿ ಸರಿಹೋಯ್ತು.

ತಂಗಿದು ಸಬ್‌ಟೈಟಲ್. ಅವಳ ಗಂಡನಿಗೆ ಕನ್ನಡ ಬರಲ್ಲ, ಅಜ್ಜ ಮಾತಾಡಿರೋದು ಅರ್ಥ ಆಗ್ಲಿ ಅಂತ ಅವಳೇ ಇಂಗ್ಲಿಷಲ್ಲಿ ಬರೆದು ಚಿತ್ರದ ರೂಪದ ಸಬ್‌ಟೈಟಲ್ ಆಗಿ ಸೇರಿಸಿದ್ಲು. ಬ್ರೌಸರ್ ಅಂಥದನ್ನ ತಾನೇ ತೋರಿಸದಿದ್ರೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅಕ್ಷರ ಅಚ್ಚು ಹಾಕಿ ಕಳಿಸ್ಬೇಕು, ಅಂದ್ರೆ ಎರಡು ಸಾಲು ಅಕ್ಷರಕ್ಕೋಸ್ಕರ ಇಡೀ ವಿಡಿಯೋ ಮತ್ತೆ ಎನ್‌ಕೋಡ್. ಅದೇ ಸಾಲುಗಳನ್ನ ಎಸ್‌ಆರ್‌ಟಿ ಫೈಲಾಗಿ ಬೇರೆ ಇಟ್ರೆ ಬರೀ ಪಠ್ಯ ಹೋಗತ್ತೆ. ಆ ನೆಪದಲ್ಲಿ ನಾನೂ ಅಮ್ಮನೂ ಫೋನಲ್ಲೇ ಕೂತು ಅಜ್ಜನ ಒಂದೊಂದು ಮಾತನ್ನೂ ಮತ್ತೆ ಕೇಳಿ ಬರ್ಕೊಂಡ್ವಿ, ತಂಗಿಗೆ ಹೊಳೀದೇ ಇದ್ದ ಹಳೇ ಪದ ಎಷ್ಟೋ ಅಮ್ಮಂಗೆ ಥಟ್ಟಂತ ಗೊತ್ತಾದ್ವು.

ಹೀಗೆ ನೋಡ್ತಾ ಹೋದ ಹಾಗೆ ಮಿನಿ ಪಿಸಿ ಕಾರ್ಟಿಂದ ತೆಗೆದೆ. ನೂರು ಸಲ ನೋಡೋ ವಿಡಿಯೋನ ನೂರು ಸಲ ಟ್ರಾನ್ಸ್‌ಕೋಡ್ ಮಾಡೋದು ಯಾಕೆ, ಒಂದೇ ಸಲ ಚೆನ್ನಾಗಿ ಮಾಡಿಟ್ರೆ ಸಾಕಲ್ವಾ. ಒರಿಜಿನಲ್ ಎಲ್ಲಾ ಬೇರೆ ಡಿಸ್ಕಿಗೆ ಹಾಕಿ ಮುಟ್ಟದ ಹಾಗೆ ಇಟ್ಟೆ (ಇದನ್ನ ಯಾವ ಕಾರಣಕ್ಕೂ ಅಳಿಸ್ಬೇಡಿ, ಜಾಗ ಇಲ್ಲ ಅಂದ್ರೆ ಡಿಸ್ಕ್ ತಗೊಳಿ), ಲೈಬ್ರರಿಗೆ ಅಂತ ಎಫ್‌ಎಫ್‌ಎಂಪೆಗ್‌ನಲ್ಲಿ (ವಿಡಿಯೋ ರೂಪ ಬದಲಾಯಿಸೋ ಸಾಫ್ಟ್‌ವೇರ್, ಜೆಲ್ಲಿಫಿನ್ ಒಳಗೂ ಇದೇ ಕೆಲಸ ಮಾಡೋದು) ಬೇರೆ ಕಾಪಿ ಮಾಡಿದೆ: ಚಿತ್ರ ಎಚ್.264, 1080, 8 ಬಿಟ್, ಧ್ವನಿ ಎಎಸಿ ಸ್ಟೀರಿಯೋ, ಫೈಲು ಎಂಪಿ4. ಈ ಕಾಂಬಿನೇಷನ್ ಓಡದೇ ಇರೋ ಟಿವಿ, ಫೋನ್ ನಮ್ಮ ಬಳಗದಲ್ಲಿ ಒಂದೂ ಇಲ್ಲ. ಸಿಆರ್‌ಎಫ್ (ಗುಣಮಟ್ಟದ ಮಟ್ಟ, ಸಂಖ್ಯೆ ಕಮ್ಮಿ ಇದ್ದಷ್ಟೂ ಚಿತ್ರ ಚೆನ್ನ) 20, ಜೊತೆಗೆ ಬಿಟ್‌ರೇಟ್ 8 ಮೆಗಾಬಿಟ್ ದಾಟದ ಹಾಗೆ ಮಿತಿ. ಇದಕ್ಕೆ ಕ್ವಿಕ್ ಸಿಂಕ್ ಬಳಸ್ಲಿಲ್ಲ, ರಾತ್ರಿ ಹೇಗೂ ಮಶೀನ್ ಖಾಲಿ ಇರತ್ತೆ, ಸಾಫ್ಟ್‌ವೇರ್ ಎನ್‌ಕೋಡರ್ ನಿಧಾನ ಆದ್ರೂ ಅದೇ ಸೈಜಿಗೆ ಚಿತ್ರ ಚೆನ್ನಾಗಿ ಬರತ್ತೆ. ಟೋನ್ ಮ್ಯಾಪಿಂಗ್ ಬಿಟ್ಟು ಒಂದು ಸಲ ಮಾಡ್ದೆ, ಅಜ್ಜನ ಕೆಂಪು ಶಾಲು ಬಿಳಚಿಕೊಂಡು ಕಂಡ್ತು, ಮತ್ತೆ ಮೊದಲಿಂದ ಮಾಡಿದೆ.

ಮದುವೆ ಡಿವಿಡಿಗೆ ಇನ್ನೂ ಜಾಸ್ತಿ ಹೊತ್ತು ಹಿಡೀತು. ಅವು ಎಂಪೆಗ್-2, 720 ಬೈ 576, ಇಂಟರ್‌ಲೇಸ್ಡ್. ಒಂದೊಂದು ಫ್ರೇಮಲ್ಲೂ ಎರಡು ಬೇರೆ ಬೇರೆ ಕ್ಷಣದ ಗೆರೆಗಳು ಹೆಣೆದುಕೊಂಡಿರ್ತವೆ, ಆರತಿ ತಟ್ಟೆ ಅಲ್ಲಾಡಿದ ಕಡೆ ಎಲ್ಲಾ ಬಾಚಣಿಗೆ ಹಲ್ಲಿನ ಥರ ಗೆರೆ ಕಾಣತ್ತೆ. ಬಿಡಬ್ಲ್ಯುಡಿಐಎಫ್ ಅನ್ನೋ ಫಿಲ್ಟರ್ ಹಾಕಿ ಸೆಕೆಂಡಿಗೆ 50 ಫ್ರೇಮ್ ಮಾಡಿದ್ರೆ ಆ ಗೆರೆಗಳೂ ಹೋಗತ್ತೆ, ಚಲನೆನೂ ಆಗಿನ ಟಿವಿಲಿ ಇದ್ದಷ್ಟೇ ನಯವಾಗಿ ಉಳಿಯತ್ತೆ. 25ಕ್ಕೆ ಇಳಿಸಿದ್ರೆ ನಂಗೆ ಸರಿ ಕಾಣ್ಲಿಲ್ಲ. ಚಿತ್ರದ ಅಗಲ ಎತ್ತರದ ಅನುಪಾತ 4:3 ಅಂತ ಉಳ್ಸೋಕೆ ಮರೀಬೇಡಿ, ಇಲ್ಲಾಂದ್ರೆ ಮುಖಗಳ ಆಕಾರ ಕೆಡತ್ತೆ.

ಟ್ರಾನ್ಸ್‌ಕೋಡಿಂಗ್ ಪೂರ್ತಿ ಆಫ್ ಮಾಡಿಲ್ಲ. ಯಾರಾದ್ರೂ ಬಸ್ಸಲ್ಲಿ ಕೂತು ಮೊಬೈಲ್ ನೆಟ್‌ನಲ್ಲಿ ನೋಡಿದ್ರೆ ಬೇಕಾಗತ್ತೆ. ಟ್ರಾನ್ಸ್‌ಕೋಡ್ ಫೋಲ್ಡರ್ ಮಾತ್ರ ಬೇರೆ ಎಸ್‌ಎಸ್‌ಡಿಗೆ ಹಾಕಿದೀನಿ, ನೋಡಿ ಮುಗಿದ ತುಂಡುಗಳನ್ನ ಅಳಿಸೋ ಆಯ್ಕೆನೂ ಆನ್ ಮಾಡಿದೀನಿ, ಒಮ್ಮೆ ಸಿಸ್ಟಮ್ ಡಿಸ್ಕ್ ತುಂಬಿ ಸರ್ವರ್ರೇ ನಿಂತಿತ್ತು.

ಹೋದ ಭಾನುವಾರ ಡ್ಯಾಶ್‌ಬೋರ್ಡಲ್ಲಿ ಮೂರು ಹೆಸರು, ಮೂರಕ್ಕೂ ಡೈರೆಕ್ಟ್ ಪ್ಲೇ, ಸಿಪಿಯು 4 ಪರ್ಸೆಂಟ್. ಅಮ್ಮನ ಸಾಲಲ್ಲಿ ಸಮಯ ಮುಂದೆ ಹೋಗಿ ಹಿಂದೆ ಬರ್ತಾ ಇತ್ತು. ಟ್ರಾನ್ಸ್‌ಕೋಡ್ ಇದ್ದಾಗ ಹಿಂದೆ ಮುಂದೆ ಮಾಡಿದ್ರೆ ಎಫ್‌ಎಫ್‌ಎಂಪೆಗ್ ಮತ್ತೆ ಆ ಜಾಗದಿಂದ ಶುರು ಆಗ್ಬೇಕಿತ್ತು, ಅದಕ್ಕೇ ಅವರು ರಿಮೋಟ್ ಮುಟ್ಟೋಕೇ ಹೋಗ್ತಿರ್ಲಿಲ್ಲ. ಸಂಜೆ ಫೋನ್ ಮಾಡಿ ಏನ್ ನೋಡ್ತಿದ್ರಿ ಅಂದೆ. "ಅಪ್ಪಯ್ಯ ನನ್ನ ಹೆಸರು ಹಿಡಿದು ಕರೀತಾರಲ್ಲ ಊಟಕ್ಕೆ ಕೂರು ಅಂತ, ಅದನ್ನೇ ನಾಕು ಸಲ ನೋಡ್ದೆ" ಅಂದ್ರು.