ಬೆನ್ನ ಮೇಲಿನ ಅಕ್ಕಿಕಾಳು

"ನೋಡಿ ಸಾಯಿಸಿದ್ಯೋ, ಸುಮ್ನೆ ಸಾಯಿಸಿದ್ಯೋ?"

ಮಂಗಳವಾರದಿಂದ ಈ ಮಾತು ತಲೆಯಲ್ಲಿ ಕೊರೆಯುತ್ತಿದೆ. ಹೇಳಿದ್ದು ತೀರ್ಥಹಳ್ಳಿಯಿಂದ ಬಂದಿರುವ ದೊಡ್ಡಮ್ಮ.

ತಾರಸಿಯ ಬದನೆ ಕುಂಡದಲ್ಲಿ ಕಾಳುಮೆಣಸಿನಂಥ ಹಿಕ್ಕೆ ಬಿದ್ದಿತ್ತು. ಹಿಕ್ಕೆ ಕಂಡರೆ ನೇರ ಮೇಲೆ ನೋಡಬೇಕು, ಹುಳ ಅಲ್ಲೇ ಇರುತ್ತದೆ. ಇತ್ತು. ಹೆಬ್ಬೆರಳು ದಪ್ಪದ ಹಸಿರು ಹುಳ, ಬಾಲದಲ್ಲೊಂದು ಕೊಂಬು. ಬೆನ್ನ ತುಂಬ ಅಕ್ಕಿಕಾಳು ನಿಲ್ಲಿಸಿದ ಹಾಗೆ ಏನೋ ಬಿಳಿ. ಮೊಟ್ಟೆ! ಇಷ್ಟೂ ಮರಿಯಾದರೆ ಗಿಡದ ಗತಿಯೇನು ಅಂತ ಎತ್ತಿ ಸೋಪುನೀರಿನ ಮಗ್ಗಿಗೆ ಹಾಕಿಬಿಟ್ಟೆ.

ಬೇವಿನೆಣ್ಣೆ ಮೊದಲೇ ಹೊಡೆದಿದ್ದೆ. ಲೀಟರ್ ನೀರಿಗೆ 5 ಎಂಎಲ್, ಬೆರೆಯಲಿ ಅಂತ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿಲಿಳಿದ ಮೇಲೆ. ಸಣ್ಣ ಹುಳಗಳಿಗೆ ಸರಿ. ಇಂಥ ದಾಂಡಿಗನಿಗೆ ಅದು ಲೆಕ್ಕಕ್ಕಿಲ್ಲ, ಕೈಯಲ್ಲೇ ಆರಿಸಬೇಕು. ನರ್ಸರಿಯವನು ಇದನ್ನು ಹೇಳಲಿಲ್ಲ, ಇನ್ನೊಂದು ಬಾಟಲಿ ಕೊಟ್ಟ.

ದೊಡ್ಡಮ್ಮ ಮಗ್ಗಿಗೆ ಬಗ್ಗಿದರು. "ಇದು ಮೊಟ್ಟೆಯಲ್ಲ ಮಾರಾಯ್ತಿ, ಕಣಜದ ಗೂಡು."

ಇರುವೆಯಷ್ಟೇ ಇರುವ ಕಣಜ. ಹುಳದ ಮೈಯೊಳಗೇ ಮೊಟ್ಟೆ ಇಡುತ್ತದಂತೆ. ಮರಿಗಳು ಒಳಗೇ ತಿಂದು ಬೆಳೆದು, ಚರ್ಮ ಕೊರೆದು ಹೊರಬಂದು, ಬೆನ್ನ ಮೇಲೆ ಗೂಡು ನೇಯುತ್ತವೆ. ಅಷ್ಟೊತ್ತಿಗೆ ಹುಳ ತಿನ್ನುವುದನ್ನೇ ಬಿಟ್ಟಿರುತ್ತದೆ, ಹೇಗೂ ಸಾಯುತ್ತದೆ. ಗೂಡೊಡೆದ ಕಣಜಗಳು ಮುಂದಿನ ಹುಳ ಹುಡುಕಿಕೊಂಡು ಹೋಗುತ್ತವೆ. ಅಂದರೆ ನಾನು ಮುಳುಗಿಸಿದ್ದು ಸಂಬಳವಿಲ್ಲದ ನನ್ನ ಆಳುಗಳನ್ನೇ. ಕುಂಡದಲ್ಲಿದ್ದ ಹಿಕ್ಕೆ ಒಣಗಿತ್ತು, ಅಂದರೆ ಹುಳ ಆಗಲೇ ತಿನ್ನುವುದು ಬಿಟ್ಟಿತ್ತು. ಅದನ್ನಾದರೂ ಗಮನಿಸಬೇಕಿತ್ತು, ಅಲ್ವಾ?

ಸೊಪ್ಪು ಸೋಸೋಕೆ ದೊಡ್ಡಮ್ಮನಿಗೆ ಒಂದು ಗಂಟೆ ಬೇಕು. ಒಂದೊಂದು ಎಲೆಯನ್ನೂ ತಿರುವಿ ನೋಡುತ್ತಾರೆ. ಮನೆಯಲ್ಲಿ ಎಲ್ಲರೂ ನಗುತ್ತೇವೆ, ನಾನು ಸ್ವಲ್ಪ ಜಾಸ್ತಿ. ಆಫೀಸಿನಲ್ಲಿ ನನಗೆ ಚುರುಕು ಅಂತ ಹೆಸರು. ಕಳೆದ ತಿಂಗಳು ಹುಡುಗಿಯೊಬ್ಬಳ ರಜೆಯ ಮೇಲ್ ಅರ್ಧ ಓದಿ 'ಈಗ ಆಗಲ್ಲ' ಅಂತ ಬರೆದಿದ್ದೆ. ಅಮ್ಮನ ಆಪರೇಷನ್ ವಿಷಯ ಕೊನೆಯ ಸಾಲಲ್ಲಿತ್ತು. ಅವಳು ಮತ್ತೆ ಕೇಳಲಿಲ್ಲ. ನನಗೆ ಗೊತ್ತಾಗಿದ್ದೇ ವಾರದ ನಂತರ, ಬೇರೆಯವರಿಂದ. ಅವಳು ಕೇಳಬೇಕಿದ್ದ ಪ್ರಶ್ನೆಯನ್ನು ದೊಡ್ಡಮ್ಮ ಕೇಳಿದರೇನೋ.

ಇವತ್ತು ಬೆಳಿಗ್ಗೆ ಇನ್ನೊಂದು ಸಿಕ್ಕಿತು. ಓಡಿಹೋಗಿ ಕನ್ನಡಕ ತಂದೆ. ಬೆನ್ನು, ಹೊಟ್ಟೆ, ಪಕ್ಕೆ ಎಲ್ಲ ನೋಡಿದೆ. ನುಣ್ಣಗಿತ್ತು. ಧೈರ್ಯವಾಗಿ ಮಗ್ಗಿಗೆ ಹಾಕಿದೆ.

ದೊಡ್ಡಮ್ಮ ಸೊಪ್ಪಿನಿಂದ ತಲೆ ಎತ್ತದೆ ಕೇಳಿದರು, "ಇನ್ನೂ ಒಳಗೇ ಇದ್ದಿದ್ರೆ?"